ಬಿಸಿ ಹವೆಯಲ್ಲಿ ಕಾರಿನ ಬ್ಯಾಟರಿ ಮತ್ತು ಆಲ್ಟರ್ನೇಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೀಲಿ ತಿರುಗಿಸಿದಾಗ 'ಟಿಕ್' ಎಂಬ ಸದ್ದು ಬಿಟ್ಟು ಬೇರೇನೂ ಕೇಳದಿದ್ದರೆ ಹೆಚ್ಚಿನವರು ಮೊದಲು ಹೊಸ ಬ್ಯಾಟರಿ ತರುತ್ತಾರೆ. ಅದೂ ಕೆಲವು ತಿಂಗಳಲ್ಲಿ ಸೋತರೆ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ವಿದ್ಯುತ್ತು ಉತ್ಪಾದಿಸಿ ಬ್ಯಾಟರಿ ತುಂಬುವ ಯಂತ್ರ, ಬದಲಾಯಿಸುತ್ತಾರೆ. ಎರಡೂ ಹೊಸದಾದ ಮೇಲೂ ತೊಂದರೆ ಉಳಿದರೆ ಆಗ ಮೀಟರ್ ಕೈಗೆತ್ತಿಕೊಳ್ಳುತ್ತಾರೆ. ಈ ಕ್ರಮ ತಿರುವುಮುರುವಾಗಬೇಕು. ಬಿಸಿ ಹವೆಯಲ್ಲಂತೂ ಬ್ಯಾಟರಿಯ ದೋಷ ಆಲ್ಟರ್ನೇಟರಿನದೆಂಬಂತೆ, ಆಲ್ಟರ್ನೇಟರಿನ ದೋಷ ಬ್ಯಾಟರಿಯದೆಂಬಂತೆ ಕಾಣುವುದು ಸಾಮಾನ್ಯ. ಆದ್ದರಿಂದ ಇಲ್ಲಿನ ಪ್ರತಿಯೊಂದು ಅಂಕಿಯನ್ನೂ ಉಷ್ಣತೆಯ ಜೊತೆಗಿಟ್ಟು ಓದಬೇಕೆಂದು ಕೋರುತ್ತೇನೆ.

ಬ್ಯಾಟರಿಗೆ ಚಳಿಯೇ ಶತ್ರು ಎಂದು ಕೇಳಿದ್ದೇವೆ. ಬಿಸಿಲಲ್ಲಿ ಅದು ಬೇಗ ಹಾಳಾಗುವುದೇಕೆ?

ಚಳಿ ಬ್ಯಾಟರಿಯ ಬಲವನ್ನು ತಾತ್ಕಾಲಿಕವಾಗಿ ಕುಗ್ಗಿಸುತ್ತದೆ. ಬಿಸಿ ಅದರ ಆಯುಸ್ಸನ್ನೇ ತಿನ್ನುತ್ತದೆ. ಸೀಸ ಮತ್ತು ಆಮ್ಲದ ಬ್ಯಾಟರಿಯೊಳಗಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಅದರ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಲೆಕ್ಕ. ಬಿಸಿಯಲ್ಲಿ ಮೂರು ಕೆಡುಕುಗಳು ಒಟ್ಟಿಗೇ ವೇಗ ಪಡೆಯುತ್ತವೆ. ಧನ ಫಲಕದ ಸೀಸದ ಜಾಲರಿ ಸವೆಯುತ್ತದೆ, ಆಮ್ಲದಲ್ಲಿರುವ ನೀರು ಆರುತ್ತದೆ, ಮತ್ತು ಕಾರು ಸುಮ್ಮನೆ ನಿಂತಿದ್ದರೂ ಚಾರ್ಜ್ ತಾನಾಗಿ ಇಳಿಯುತ್ತದೆ.

ಇಲ್ಲಿ ಲೆಕ್ಕಕ್ಕೆ ಬರುವುದು ಹೊರಗಿನ ಗಾಳಿಯ ಬಿಸಿಯಲ್ಲ, ಬಾನೆಟ್ಟಿನ ಒಳಗಿನ ಬಿಸಿ. ಓಡಿ ಬಂದ ಎಂಜಿನನ್ನು ಆರಿಸಿದ ಕೂಡಲೇ ಫ್ಯಾನಿನ ಗಾಳಿ ನಿಲ್ಲುತ್ತದೆ, ಎಂಜಿನಿನ ಕಾವು ಸುತ್ತಲಿನ ಭಾಗಗಳಿಗೆ ಹರಡುತ್ತದೆ. ನಿಲ್ಲಿಸಿದ ನಂತರದ ಅರ್ಧ ಗಂಟೆಯಲ್ಲಿ ಬಾನೆಟ್ಟಿನ ಒಳಗಿನ ಗಾಳಿ ಓಡುತ್ತಿದ್ದಾಗಿಗಿಂತಲೂ ಬಿಸಿಯಾಗಿರುವುದುಂಟು. ಬೇಸಿಗೆಯಲ್ಲಿ ಹೀಗೆ ಸೊರಗಿದ ಬ್ಯಾಟರಿ ಬೇಸಿಗೆಯಲ್ಲಿಯೇ ಕೈಕೊಡಬೇಕೆಂದಿಲ್ಲ. ಬಿಸಿಯಲ್ಲಿ ಎಂಜಿನ್ ಆಯಿಲ್ ತೆಳುವಾಗಿರುವುದರಿಂದ ಸೆಲ್ಫಿಗೆ (ಎಂಜಿನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರಿಗೆ) ಬೇಕಾಗುವ ಬಲವೂ ಕಡಿಮೆ. ಹವೆ ತಂಪಾದ ಮೊದಲ ವಾರ ಬ್ಯಾಟರಿ ಸೋಲುತ್ತದೆ, ದೂರು ಚಳಿಯ ಮೇಲೆ ಬೀಳುತ್ತದೆ.

ಬ್ಯಾಟರಿ, ಆಲ್ಟರ್ನೇಟರ್ ಎರಡರ ಮೇಲೂ ಸಂಶಯವಿದ್ದರೆ ಯಾವುದನ್ನು ಮೊದಲು ಪರೀಕ್ಷಿಸಬೇಕು?

ಯಾವಾಗಲೂ ಬ್ಯಾಟರಿಯನ್ನು. ಸೊರಗಿದ ಬ್ಯಾಟರಿಯನ್ನು ಜೋಡಿಸಿಟ್ಟು ಆಲ್ಟರ್ನೇಟರ್ ಅಳೆದರೆ ಸಿಗುವ ಅಂಕಿಯನ್ನು ನಂಬುವಂತಿಲ್ಲ: ಖಾಲಿಯಾದ ಬ್ಯಾಟರಿ ವಿದ್ಯುತ್ತನ್ನು ಎಳೆದುಕೊಂಡು ವೋಲ್ಟೇಜನ್ನು ಕೆಳಗಿಳಿಸುತ್ತದೆ, ಸಲ್ಫೇಟ್ ಗಟ್ಟಿಕಟ್ಟಿದ ಬ್ಯಾಟರಿ ವಿದ್ಯುತ್ತನ್ನು ಒಳಗೆ ಬಿಡದೆ ವೋಲ್ಟೇಜ್ ಸರಿಯಿರುವಂತೆ ತೋರಿಸುತ್ತದೆ.

ಕಾರು ನಾಲ್ಕೈದು ಗಂಟೆ ನಿಂತ ಮೇಲೆ, ಏನನ್ನೂ ಚಾಲೂ ಮಾಡದೆ, ಡಿಜಿಟಲ್ ಮಲ್ಟಿಮೀಟರಿನಲ್ಲಿ ಅಳೆಯಿರಿ. ಅಷ್ಟು ಕಾಯಲಾಗದಿದ್ದರೆ ಹೆಡ್‌ಲೈಟನ್ನು ಎರಡು ಮೂರು ನಿಮಿಷ ಉರಿಸಿ, ಆರಿಸಿ, ಮತ್ತೆ ಕೆಲವು ನಿಮಿಷ ಬಿಟ್ಟು ಅಳೆಯಿರಿ. ಆಗ ಫಲಕಗಳ ಮೇಲ್ಮೈಯಲ್ಲಷ್ಟೇ ಉಳಿದಿರುವ ಚಾರ್ಜ್ ಕರಗುತ್ತದೆ. ಸಾಮಾನ್ಯ ಬ್ಯಾಟರಿಯಲ್ಲಿ 12.6 ವೋಲ್ಟ್ ಅಥವಾ ಹೆಚ್ಚು ಬಂದರೆ ತುಂಬಿದೆ ಎಂದರ್ಥ. 12.4 ಎಂದರೆ ಸುಮಾರು ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ. 10.5ರ ಆಸುಪಾಸಿನಲ್ಲೇ ನಿಂತು, ಚಾರ್ಜ್ ಮಾಡಿದರೂ ಮೇಲೇಳದಿದ್ದರೆ ಬ್ಯಾಟರಿಯೊಳಗಿನ ಆರು ಸೆಲ್‌ಗಳಲ್ಲಿ (ಕೋಶಗಳಲ್ಲಿ) ಒಂದು ಸತ್ತಿರುವುದು ಬಹುತೇಕ ಖಚಿತ.

12.4ಕ್ಕಿಂತ ಕೆಳಗಿರುವ ಬ್ಯಾಟರಿಯನ್ನು ಹಾಗೇ ದಿನಗಟ್ಟಲೆ ಬಿಡಬಾರದು. ಅರೆಖಾಲಿ ಸ್ಥಿತಿಯಲ್ಲಿ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗುತ್ತ ಹೋಗುತ್ತದೆ, ಬಿಸಿಯಲ್ಲಿ ಆ ಕ್ರಿಯೆ ಇನ್ನೂ ಚುರುಕು.

ಮೀಟರ್ 12.6 ತೋರಿಸುತ್ತಿದೆ, ಆದರೂ ಸೆಲ್ಫ್ ಹೊಡೆಯುತ್ತಿಲ್ಲ. ಹೇಗೆ?

ನಿಂತಾಗಿನ ವೋಲ್ಟೇಜು ಚಾರ್ಜ್ ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು ಬ್ಯಾಟರಿಗೆ ಶಕ್ತಿ ಎಷ್ಟಿದೆ ಎಂದು ಹೇಳುವುದಿಲ್ಲ. ಅದಕ್ಕೆ ಭಾರ ಹಾಕಿ, ಅಂದರೆ ಅದರಿಂದ ಹೆಚ್ಚು ವಿದ್ಯುತ್ತು ಎಳೆಯಿಸಿ, ನೋಡಬೇಕು. ಒಬ್ಬರು ಕೀಲಿ ತಿರುಗಿಸುತ್ತಿರುವಾಗ ಇನ್ನೊಬ್ಬರು ಮೀಟರ್ ಗಮನಿಸಲಿ. ಬೆಚ್ಚನೆಯ ಹವೆಯಲ್ಲಿ ಒಳ್ಳೆಯ ಬ್ಯಾಟರಿ ಸೆಲ್ಫ್ ಹೊಡೆಯುವಾಗಲೂ 10 ವೋಲ್ಟಿಗಿಂತ ಮೇಲೆ ಇರುತ್ತದೆ, 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ದುರ್ಬಲ ಅಥವಾ ಸೆಲ್ಫ್ ಮೋಟಾರು ಮಿತಿಮೀರಿ ಎಳೆಯುತ್ತಿದೆ. ವೋಲ್ಟೇಜ್ ಏಕಾಏಕಿ ಎರಡು ಮೂರಕ್ಕೆ ಬಿದ್ದು ಕೀಲಿ ಬಿಟ್ಟೊಡನೆ ಮತ್ತೆ 12.6ಕ್ಕೆ ಎದ್ದರೆ, ಒಳಗೆ ಸೆಲ್‌ಗಳನ್ನು ಜೋಡಿಸುವ ಸೀಸದ ಪಟ್ಟಿ ಸವೆದು ಬಿರುಕುಬಿಟ್ಟಿರಬಹುದು. ಬಿಸಿ ಹವೆಯ ಬ್ಯಾಟರಿಗಳು ಮುನ್ಸೂಚನೆಯೇ ಇಲ್ಲದೆ ಒಮ್ಮೆಗೇ ಸಾಯುವುದಕ್ಕೆ ಇದೂ ಒಂದು ಕಾರಣ.

ಆದರೆ ತೀರ್ಪು ಕೊಡುವ ಮುನ್ನ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಟರ್ಮಿನಲ್ಲಾದ ಸೀಸದ ಕಂಬದ ನೆತ್ತಿಗೆ, ಇನ್ನೊಂದನ್ನು ಅದೇ ಕಂಬವನ್ನು ಹಿಡಿದಿರುವ ಕ್ಲ್ಯಾಂಪಿಗೆ ಒತ್ತಿ ಸೆಲ್ಫ್ ಹೊಡೆಸಿ. ಎರಡರ ನಡುವೆ ಕೂದಲೆಳೆಯಷ್ಟೂ ಅಂತರವಿಲ್ಲ, ಆದರೂ ಅಲ್ಲಿ ಅರ್ಧ ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಕಾಣಿಸಿದರೆ ದೋಷ ಬ್ಯಾಟರಿಯಲ್ಲಿಲ್ಲ, ಆ ಕ್ಲ್ಯಾಂಪಿನ ಒಳಮೈಯಲ್ಲಿದೆ. ಹೊರಗೆ ಹೊಳೆಯುವ ಕ್ಲ್ಯಾಂಪನ್ನು ಬಿಚ್ಚಿದಾಗ ಒಳಗೆ ಕಪ್ಪು ಪದರವೊಂದು ಕಾಣುತ್ತದೆ. ಅದನ್ನು ಉಜ್ಜಿ ತೆಗೆದು ಬಿಗಿದರೆ ಹೊಸ ಬ್ಯಾಟರಿಯ ಖರ್ಚೇ ಉಳಿದೀತು.

ಹೈಡ್ರೋಮೀಟರ್ ಇನ್ನೂ ಬೇಕೇ? ಬ್ಯಾಟರಿಯ ಮೇಲಿನ ಹಸಿರು ಕಣ್ಣು ಸಾಲದೇ?

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಲ್ಲಿ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಷ್ಟು ನೇರವಾಗಿ ಮಾತಾಡುವ ಸಾಧನ ಇನ್ನೊಂದಿಲ್ಲ, ಏಕೆಂದರೆ ಅದು ಆರೂ ಸೆಲ್‌ಗಳನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ಹಸಿರು ಕಣ್ಣು ತೋರಿಸುವುದು ಒಂದೇ ಸೆಲ್ಲಿನ ಸ್ಥಿತಿಯನ್ನು. ಉಳಿದ ಐದರಲ್ಲಿ ಒಂದು ಸತ್ತಿದ್ದರೂ ಅದು ಹಸಿರಾಗಿಯೇ ಇರಬಹುದು.

ತುಂಬಿದ ಬ್ಯಾಟರಿಯ ಆಮ್ಲದ ಸಾಪೇಕ್ಷ ಸಾಂದ್ರತೆ ಸಾಮಾನ್ಯವಾಗಿ 1.265ರಿಂದ 1.280. ಆದರೆ ಬಿಸಿ ಪ್ರದೇಶಗಳಿಗೆಂದು ತಯಾರಾದ ಬ್ಯಾಟರಿಗಳಲ್ಲಿ ಫಲಕಗಳ ಸವೆತ ತಗ್ಗಿಸಲು ಬೇಕೆಂದೇ 1.240ರ ಸುತ್ತಲಿನ ಆಮ್ಲ ತುಂಬುವುದುಂಟು. ಇದನ್ನು ತಿಳಿಯದೆ 'ಚಾರ್ಜ್ ಸಾಲದು' ಎಂದು ಆಮ್ಲ ಸುರಿಯುವುದು ಬ್ಯಾಟರಿಯನ್ನು ಕೈಯಾರೆ ಕೊಂದಂತೆ. ಜೊತೆಗೆ ಆಮ್ಲ ಬಿಸಿಯಾದಷ್ಟೂ ಓದು ಕಡಿಮೆ ಬರುತ್ತದೆ: 27 ಡಿಗ್ರಿಗಿಂತ ಹೆಚ್ಚಿನ ಪ್ರತಿ ಡಿಗ್ರಿಗೆ 0.0007 ಸೇರಿಸಬೇಕು. 47 ಡಿಗ್ರಿಯ ಆಮ್ಲದಲ್ಲಿ 1.225 ಬಂದರೆ ನಿಜವಾದ ಅಂಕಿ ಸುಮಾರು 1.239. ಈ ಎಲ್ಲಕ್ಕಿಂತ ಮುಖ್ಯವಾದುದು ಸೆಲ್‌ಗಳ ನಡುವಿನ ಅಂತರ. ಒಂದು ಸೆಲ್ ಉಳಿದವುಗಳಿಗಿಂತ 0.050 ಅಥವಾ ಹೆಚ್ಚು ಕೆಳಗಿದ್ದರೆ ಆ ಬ್ಯಾಟರಿಯ ಮೇಲೆ ಇನ್ನು ಹಣ, ಸಮಯ ಹಾಕಬೇಡಿ.

ಎಂಜಿನ್ ಓಡುತ್ತಿರುವಾಗ ಎಷ್ಟು ವೋಲ್ಟ್ ಇರಬೇಕು? ನನ್ನ ಕಾರಿನಲ್ಲಿ ಬೆಳಿಗ್ಗೆ 14.4, ಮಧ್ಯಾಹ್ನ 13.6 ಬರುತ್ತಿದೆ.

ಎರಡೂ ಸರಿ ಇರಬಹುದು, ಮತ್ತು ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಎಷ್ಟೋ ಒಳ್ಳೆಯ ಆಲ್ಟರ್ನೇಟರುಗಳು ಗುಜರಿ ಸೇರುತ್ತವೆ ಎಂಬುದು ನನ್ನ ಅನಿಸಿಕೆ. 12 ವೋಲ್ಟಿನ ಬ್ಯಾಟರಿ ಬಿಸಿಯಾದಂತೆ ಅದಕ್ಕೆ ಕೊಡಬೇಕಾದ ವೋಲ್ಟೇಜು ಪ್ರತಿ ಡಿಗ್ರಿಗೆ ಸುಮಾರು 0.02ರಿಂದ 0.03 ವೋಲ್ಟ್ ಇಳಿಯಬೇಕು, ಇಲ್ಲವಾದರೆ ಹೆಚ್ಚುವರಿ ವಿದ್ಯುತ್ತು ನೀರನ್ನು ಅನಿಲವಾಗಿ ಒಡೆಯುತ್ತದೆ. ಬ್ಯಾಟರಿ 25ರಿಂದ 65 ಡಿಗ್ರಿಗೆ ಏರಿತೆನ್ನಿ. ಕಡಿಮೆ ದರವನ್ನೇ ಹಿಡಿದರೂ 0.8 ವೋಲ್ಟ್ ಇಳಿಯಬೇಕು, ಅಂದರೆ 14.4 ಇದ್ದದ್ದು 13.6 ಆಗಬೇಕು. ಆಲ್ಟರ್ನೇಟರಿನ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರುಗಳು ಈ ಇಳಿಕೆಯನ್ನು ತಮ್ಮದೇ ಪ್ರಮಾಣದಲ್ಲಿ ಮಾಡುತ್ತವೆಯಾದರೂ ದಿಕ್ಕು ಇದೇ. ತಂಪಾದ ಎಂಜಿನಿನಲ್ಲಿ 14ರಿಂದ 14.6, ಚೆನ್ನಾಗಿ ಕಾದ ಮೇಲೆ 13.5ರಿಂದ 14ರ ಒಳಗೆ ಬಂದರೆ ನಾನು ಆಲ್ಟರ್ನೇಟರನ್ನು ಮುಟ್ಟುವುದಿಲ್ಲ. ಎಂಜಿನನ್ನು ನಿಮಿಷಕ್ಕೆ 1500ರಿಂದ 2000 ಸುತ್ತಿನಲ್ಲಿ ಹಿಡಿದು, ಹೆಡ್‌ಲೈಟ್, ಬ್ಲೋವರ್, ಎಸಿ ಎಲ್ಲ ಹಾಕಿದ ಮೇಲೂ 13ಕ್ಕಿಂತ ಕೆಳಗಿದ್ದರೆ ಹುಡುಕಾಟ ಶುರುವಾಗಬೇಕು. ಬಿಸಿಯಲ್ಲಿಯೂ 14.8 ದಾಟುತ್ತಿದ್ದರೆ ಅದು ಅತಿಚಾರ್ಜ್.

ಹೊಸ ಕಾರುಗಳ ವಿಷಯ ಬೇರೆ. ಅವುಗಳಲ್ಲಿ ಎಂಜಿನಿನ ಕಂಪ್ಯೂಟರೇ ಆಲ್ಟರ್ನೇಟರನ್ನು ನಿಯಂತ್ರಿಸುತ್ತದೆ: ಬ್ಯಾಟರಿ ತುಂಬಿದ್ದರೆ ವೇಗ ಹೆಚ್ಚಿಸುವಾಗ ಇಂಧನ ಉಳಿಸಲೆಂದು 12.5ರ ಸುತ್ತಮುತ್ತ ಇಳಿಸಿ, ಬ್ರೇಕ್ ಒತ್ತಿದಾಗ 14.5 ಅಥವಾ ಅದಕ್ಕೂ ಮೇಲೇರಿಸುತ್ತದೆ. ಋಣ ಟರ್ಮಿನಲ್ಲಿನ ಕ್ಲ್ಯಾಂಪಿಗೆ ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಂದು ಅಂಟಿಕೊಂಡಿದ್ದರೆ ನಿಮ್ಮದೂ ಇಂಥ ಕಾರಿರಬಹುದು. ಅದು ಬ್ಯಾಟರಿಯ ಸೆನ್ಸರ್. ಇಂಥ ಕಾರಿನಲ್ಲಿ ಒಂದು ಕ್ಷಣದ ಅಂಕಿಗೆ ಬೆಲೆಯಿಲ್ಲ, ಹೆಡ್‌ಲೈಟ್ ಹಾಕಿ ಹಲವು ನಿಮಿಷ ಗಮನಿಸಬೇಕು. ಹೊರಗಿನ ಚಾರ್ಜರಿನ ಋಣ ಕ್ಲಿಪ್ಪನ್ನು ಸೆನ್ಸರನ್ನು ದಾಟಿ ನೇರ ಕಂಬಕ್ಕೆ ಹಾಕದೆ, ಕಾರಿನ ಬಾಡಿಯ ಅರ್ತ್ ಬಿಂದುವಿಗೆ ಹಾಕಬೇಕು. ಇಲ್ಲವಾದರೆ ಒಳಗೆ ಬಂದ ಚಾರ್ಜು ಸೆನ್ಸರಿನ ಲೆಕ್ಕಕ್ಕೆ ಸಿಗುವುದಿಲ್ಲ.

ಎಸಿ ಹಾಕಿ ಸಿಗ್ನಲ್ಲಿನಲ್ಲಿ ನಿಂತಾಗ ದೀಪ ಮಂಕಾಗುತ್ತದೆ, ಕಾರು ಹೊರಟೊಡನೆ ಸರಿಹೋಗುತ್ತದೆ. ಆಲ್ಟರ್ನೇಟರ್ ಕೆಟ್ಟಿದೆಯೇ?

ಕೆಟ್ಟಿರಲೇಬೇಕೆಂದಿಲ್ಲ. 90 ಆಂಪಿಯರ್ ಎಂದು ಬರೆದಿರುವ ಆಲ್ಟರ್ನೇಟರ್ ಅಷ್ಟನ್ನು ಕೊಡುವುದು ಸುಮಾರು 6000 ಸುತ್ತಿನ ವೇಗದಲ್ಲಿ. ಎಂಜಿನ್ ಐಡ್ಲಿಂಗಿನಲ್ಲಿ 750 ಸುತ್ತು ತಿರುಗುವಾಗ, ಪುಲ್ಲಿಯ ಅನುಪಾತದಿಂದಾಗಿ ಆಲ್ಟರ್ನೇಟರ್ ಸುಮಾರು 2000 ಸುತ್ತು ತಿರುಗುತ್ತದೆ. ಆಗ ಸಿಗುವುದು ಅರ್ಧದಷ್ಟು. ತಾಮ್ರದ ಸುರುಳಿಯ ರೋಧ ಪ್ರತಿ ಡಿಗ್ರಿಗೆ ಶೇಕಡ 0.39ರಷ್ಟು ಏರುವುದರಿಂದ ಕಾದ ಆಲ್ಟರ್ನೇಟರಿನಲ್ಲಿ ಅದೂ ಇನ್ನಷ್ಟು ತಗ್ಗುತ್ತದೆ. ಇನ್ನೊಂದು ಕಡೆ ಖರ್ಚು: ಹ್ಯಾಲೊಜೆನ್ ಹೆಡ್‌ಲೈಟಿನ ಜೋಡಿಗೆ 9 ಆಂಪಿಯರ್, ಪೂರ್ಣ ವೇಗದ ಬ್ಲೋವರಿಗೆ 15ರಿಂದ 20, ರೇಡಿಯೇಟರ್ ಫ್ಯಾನಿಗೆ ಹೆಚ್ಚುಕಡಿಮೆ ಅಷ್ಟೇ, ಇಂಧನದ ಪಂಪು ಮತ್ತು ಎಂಜಿನಿನ ನಿಯಂತ್ರಣಕ್ಕೆ ಇನ್ನು ಹತ್ತರಷ್ಟು. ಖರ್ಚು ಆದಾಯವನ್ನು ಮೀರಿದ ಆ ನಿಮಿಷಗಳಲ್ಲಿ ಕೊರತೆ ತುಂಬುವುದು ಬ್ಯಾಟರಿ. ದಿನವೂ ಹೀಗೇ ಗಂಟೆಗಟ್ಟಲೆ ನಿಂತು ಸಾಗಿ ಮನೆ ಸೇರುವ ಕಾರಿನ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಬೆಲ್ಟ್ ಸಡಿಲವಿದ್ದು ಜಾರುತ್ತಿದ್ದರೆ ಸ್ಥಿತಿ ಇನ್ನೂ ಹದಗೆಡುತ್ತದೆ. ಸ್ಟಾರ್ಟ್ ಮಾಡಿದಾಗ ಅಥವಾ ಎಸಿ ಹಾಕಿದಾಗ ಬರುವ ಕಿರುಚು ಸದ್ದು ಅದರ ಗುರುತು.

ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ, ಬ್ಯಾಟರಿಯ ಪಕ್ಕಗಳು ಉಬ್ಬಿವೆ. ಏನಿದು?

ಮೊದಲು ಎಂಜಿನ್ ಆರಿಸಿ, ಕಾರಿನ ಸುತ್ತ ಗಾಳಿಯಾಡಲು ಬಿಡಿ, ಕಿಡಿ ಹಾರುವಂಥ ಯಾವ ಕೆಲಸವನ್ನೂ ಮಾಡಬೇಡಿ. ಅತಿಯಾಗಿ ಚಾರ್ಜಾಗುವ ಬ್ಯಾಟರಿ ಹೈಡ್ರೋಜನ್ ಉಗುಳುತ್ತದೆ, ಅದು ಗಾಳಿಯಲ್ಲಿ ಶೇಕಡ 4ರಷ್ಟಿದ್ದರೂ ಹೊತ್ತಿಕೊಳ್ಳಬಲ್ಲದು.

ಕಾರಣ ಎರಡು ಕಡೆ ಇರಬಹುದು. ಒಂದು, ರೆಗ್ಯುಲೇಟರ್ ತಡೆಯದೆ ವೋಲ್ಟೇಜ್ ಏರುತ್ತಿರುವುದು. ಇನ್ನೊಂದನ್ನು ಹಲವರು ಗಮನಿಸುವುದಿಲ್ಲ: ಬ್ಯಾಟರಿಯ ಒಂದು ಸೆಲ್ ಒಳಗೇ ಶಾರ್ಟ್ ಆಗಿರುವುದು. ಆಲ್ಟರ್ನೇಟರ್ ಕೊಡುವ 14.2 ವೋಲ್ಟ್ ಆರು ಸೆಲ್‌ಗಳಿಗೆ ಹಂಚಿಕೆಯಾದರೆ ತಲಾ 2.37, ಐದಕ್ಕೇ ಹಂಚಿಕೆಯಾದರೆ ತಲಾ 2.84. ಆಲ್ಟರ್ನೇಟರ್ ಸಂಪೂರ್ಣ ಸರಿಯಿದ್ದರೂ ಉಳಿದ ಐದು ಸೆಲ್‌ಗಳು ಕುದಿಯುತ್ತವೆ.

ನನ್ನದೇ ಕಾರಿನಲ್ಲಿ ಒಂದೂವರೆ ವರ್ಷದಲ್ಲಿ ಎರಡು ಬ್ಯಾಟರಿ ಹೋದವು. ಎರಡರಲ್ಲಿಯೂ ಮುಚ್ಚಳಗಳ ಸುತ್ತ ಒದ್ದೆ, ಕ್ಲ್ಯಾಂಪಿನ ಮೇಲೆ ಬಿಳಿ ಪುಡಿ, ಹಿಡಿಪಟ್ಟಿಯ ಬಣ್ಣ ಸುಲಿದು ತುಕ್ಕು. 'ಈ ಬಿಸಿಲಿಗೆ ಬ್ಯಾಟರಿ ಇಷ್ಟೇ ಬಾಳುವುದು' ಎಂಬ ಮಾತನ್ನು ಎರಡು ಸಲವೂ ನಂಬಿದೆ. ಮೂರನೆಯದನ್ನು ಕೂರಿಸಿದ ದಿನ ಅಳೆದಾಗ 15.3 ವೋಲ್ಟ್ ಬಂತು. ಬ್ಯಾಟರಿಯ ವೋಲ್ಟೇಜನ್ನು ರೆಗ್ಯುಲೇಟರಿಗೆ ತಿಳಿಸುವ ಸಣ್ಣ ತಂತಿಯ ತುದಿ ಹಸಿರುಗಟ್ಟಿತ್ತು. ಅಲ್ಲಿ ಒಂದು ವೋಲ್ಟ್ ನಷ್ಟವಾಗುತ್ತಿದ್ದುದರಿಂದ ರೆಗ್ಯುಲೇಟರ್ 'ಇನ್ನೂ ಸಾಲದು' ಎಂದೇ ತಿಳಿದು ಏರಿಸುತ್ತಿತ್ತು. ತುದಿಯನ್ನು ಕತ್ತರಿಸಿ ಹೊಸದಾಗಿ ಕೂರಿಸಿದ ಮೇಲೆ 14.2ಕ್ಕೆ ಇಳಿಯಿತು.

ಆಲ್ಟರ್ನೇಟರಿನಲ್ಲಿ 14.3 ಇದೆ, ಬ್ಯಾಟರಿಯಲ್ಲಿ 13.1 ಮಾತ್ರ. ವ್ಯತ್ಯಾಸ ಎಲ್ಲಿ ಹೋಯಿತು?

ದಾರಿಯಲ್ಲಿ. ಎಂಜಿನ್ 2000 ಸುತ್ತಿನಲ್ಲಿದ್ದು ದೀಪ, ಬ್ಲೋವರ್ ಹಾಕಿರುವಾಗ ಆಲ್ಟರ್ನೇಟರಿನ ದಪ್ಪ ತಂತಿಯ ಬೋಲ್ಟಿನಿಂದ ಬ್ಯಾಟರಿಯ ಧನ ಕಂಬಕ್ಕೆ ಅಳೆಯಿರಿ, 0.3 ವೋಲ್ಟಿಗಿಂತ ಹೆಚ್ಚಿರಬಾರದು. ಆಲ್ಟರ್ನೇಟರಿನ ಲೋಹದ ಮೈಯಿಂದ ಋಣ ಕಂಬಕ್ಕೆ 0.2 ಮೀರಬಾರದು. ಬಿಸಿಯಲ್ಲಿ ಹಿಗ್ಗಿ ತಂಪಿನಲ್ಲಿ ಕುಗ್ಗುವ ಸಂದುಗಳು ಕಾಲಕ್ರಮದಲ್ಲಿ ಸಡಿಲವಾಗುತ್ತವೆ. ಎಂಜಿನಿನಿಂದ ಬಾಡಿಗೆ ಹೋಗುವ ಹೆಣೆದ ಅರ್ತ್ ಪಟ್ಟಿಯನ್ನು ತಪ್ಪದೆ ನೋಡಿ. ಎಣ್ಣೆ, ಧೂಳು ಮೆತ್ತಿಕೊಂಡು ಅದು ಒಳಗೊಳಗೇ ಹರಿದಿದ್ದರೂ ಮೇಲೆ ಗೊತ್ತಾಗುವುದಿಲ್ಲ.

ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪವನ್ನು ಎಷ್ಟು ನಂಬಬಹುದು?

ಕೀಲಿ ತಿರುಗಿಸಿದಾಗ ಉರಿದು, ಎಂಜಿನ್ ಸ್ಟಾರ್ಟಾದ ಮೇಲೆ ಆರಬೇಕು. ಓಡುವಾಗ ಉರಿದರೆ ಚಾರ್ಜಿಂಗ್ ನಿಂತಿದೆ ಎಂದು ತಿಳಿದು ಎಸಿ, ಬ್ಲೋವರ್ ಆರಿಸಿ. ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುವ ಕಾರಾಗಿದ್ದರೆ ಉಷ್ಣತೆಯ ಮುಳ್ಳನ್ನು ನೋಡಿ, ಏರುತ್ತಿದ್ದರೆ ತಕ್ಷಣ ನಿಲ್ಲಿಸಿ. ದೀಪ ಆರಿದೆ ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ, ಅತಿಚಾರ್ಜನ್ನು ಹಲವು ಕಾರುಗಳ ದೀಪ ಹೇಳುವುದೇ ಇಲ್ಲ. ಹಳೆಯ ಕಾರುಗಳಲ್ಲಿ ಕೀಲಿ ತಿರುಗಿಸಿದಾಗ ದೀಪವೇ ಬರದಿದ್ದರೆ ಅದನ್ನೂ ಗಂಭೀರವಾಗಿ ತೆಗೆದುಕೊಳ್ಳಿ, ಏಕೆಂದರೆ ಆ ದೀಪದ ಮೂಲಕವೇ ಆಲ್ಟರ್ನೇಟರ್ ಎಚ್ಚರಗೊಳ್ಳಲು ಬೇಕಾದ ಮೊದಲ ವಿದ್ಯುತ್ತು ಹರಿಯುತ್ತದೆ.

ಡಯೋಡ್ ಹೋಗಿದೆ ಎಂದು ಹೇಗೆ ಗೊತ್ತಾಗುತ್ತದೆ?

ಆಲ್ಟರ್ನೇಟರ್ ಉತ್ಪಾದಿಸುವುದು ಮೂರು ಫೇಸಿನ ಪರ್ಯಾಯ ವಿದ್ಯುತ್ತು. ಡಯೋಡುಗಳು ಅದನ್ನು ನೇರಗೊಳಿಸುತ್ತವೆ. ಒಂದು ಡಯೋಡ್ ಹೋದರೆ ಭಾರವಿಲ್ಲದಾಗ ವೋಲ್ಟೇಜ್ ಸರಿಯಾಗಿಯೇ ಕಾಣುತ್ತದೆ, ಭಾರ ಹಾಕಿದಾಗ ಕುಸಿಯುತ್ತದೆ. ಮೀಟರನ್ನು ಎಸಿ (ಪರ್ಯಾಯ ವಿದ್ಯುತ್ತಿನ) ವೋಲ್ಟಿಗೆ ತಿರುಗಿಸಿ, ಆಲ್ಟರ್ನೇಟರಿನ ಬೋಲ್ಟಿಗೂ ಅದರ ಮೈಗೂ ನಡುವೆ, ಭಾರ ಹಾಕಿ ಅಳೆಯಿರಿ. ಒಳ್ಳೆಯದರಲ್ಲಿ 0.1 ವೋಲ್ಟಿನ ಆಸುಪಾಸು, 0.5 ದಾಟಿದರೆ ಡಯೋಡಿನ ಮೇಲೆ ಸಂಶಯ ಬಲವಾಗುತ್ತದೆ. ಸೋರುವ ಡಯೋಡ್ ರಾತ್ರಿಯೆಲ್ಲ ಬ್ಯಾಟರಿಯನ್ನು ಬರಿದುಮಾಡಬಲ್ಲದು. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುವ ಮೊದಲು ಆಲ್ಟರ್ನೇಟರಿನ ಮೈ ಮುಟ್ಟಿ ನೋಡಿ. ಸುತ್ತಲಿನ ಲೋಹವೆಲ್ಲ ತಣ್ಣಗಿದ್ದು ಅದೊಂದೇ ಬೆಚ್ಚಗಿದ್ದರೆ ಕಳ್ಳ ಸಿಕ್ಕಂತೆಯೇ.

ಎರಡು ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್ ಆಗುತ್ತದೆ. ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು ಹೇಗೆ?

ಋಣ ಕೇಬಲ್ಲನ್ನು ಬಿಚ್ಚಿ, ಅದಕ್ಕೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರಿನ ಸ್ಥಾನದಲ್ಲಿಟ್ಟು ಜೋಡಿಸಿ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಏನನ್ನೂ ಬಿಚ್ಚಬೇಕಿಲ್ಲ. ಬಾಗಿಲು ತೆರೆದಿಟ್ಟೇ ಕೆಲಸ ಮಾಡಬೇಕಾದರೆ ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಳ್ಳಿ, ಕೀಲಿಯನ್ನು ದೂರ ಇಟ್ಟುಬಿಡಿ. ಕಂಪ್ಯೂಟರುಗಳು ನಿದ್ದೆಗೆ ಜಾರಲು 20ರಿಂದ 40 ನಿಮಿಷ ಬೇಕಾದೀತು. ಅನಂತರ 50 ಮಿಲಿಆಂಪಿಯರಿನ ಒಳಗಿದ್ದರೆ ಸಹಜ; ದಿನಕ್ಕೆ 1.2 ಆಂಪಿಯರ್-ಗಂಟೆಯಷ್ಟೇ ಖರ್ಚು. 300 ಮಿಲಿಆಂಪಿಯರ್ ಇದ್ದರೆ ದಿನಕ್ಕೆ 7.2, ಮೂರು ದಿನದಲ್ಲಿ 45 ಆಂಪಿಯರ್-ಗಂಟೆಯ ಬ್ಯಾಟರಿ ಅರ್ಧ ಖಾಲಿ. ಆಗ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಅಂಕಿ ಎಲ್ಲಿ ಇಳಿಯುತ್ತದೆಂದು ನೋಡಿ. ಮೀಟರ್ ಜೋಡಿಸಿರುವಾಗ ಸೆಲ್ಫ್ ಹೊಡೆಯಲೇಬಾರದು.

ತಣ್ಣಗಿದ್ದಾಗ ಸಲೀಸಾಗಿ ಸ್ಟಾರ್ಟಾಗುತ್ತದೆ, ಓಡಿಸಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸೆಲ್ಫ್ ಎಳೆದಾಡುತ್ತದೆ. ಏಕೆ?

ಇದು ಬ್ಯಾಟರಿಗಿಂತ ಹೆಚ್ಚಾಗಿ ಸೆಲ್ಫ್ ಮೋಟಾರು ಮತ್ತು ಕೇಬಲ್ಲಿನ ಲಕ್ಷಣ. 60 ಡಿಗ್ರಿ ಹೆಚ್ಚು ಕಾದ ತಾಮ್ರದ ರೋಧ ಶೇಕಡ 23ರಷ್ಟು ಏರಿರುತ್ತದೆ, ಹಳೆಯ ಸಂದುಗಳ ರೋಧ ಅದಕ್ಕೆ ಸೇರುತ್ತದೆ. ಸೆಲ್ಫ್ ಎಳೆದಾಡುವಾಗಲೂ ಬ್ಯಾಟರಿಯ ಕಂಬಗಳಲ್ಲಿ 10.5ಕ್ಕಿಂತ ಹೆಚ್ಚು ಉಳಿದಿದ್ದರೆ ಬ್ಯಾಟರಿಯನ್ನು ಬಿಟ್ಟು ಕೇಬಲ್, ಅರ್ತ್, ಸೆಲ್ಫ್ ಕಡೆ ಹೋಗಿ.

ಎಂಜಿನ್ ಓಡುವಾಗ ಬ್ಯಾಟರಿಯ ತಂತಿ ತೆಗೆದು ಆಲ್ಟರ್ನೇಟರ್ ಪರೀಕ್ಷಿಸಬಹುದೇ?

ಬೇಡ, ಯಾವ ಕಾರಣಕ್ಕೂ ಬೇಡ. ಬ್ಯಾಟರಿ ಕಳಚಿದ ಕ್ಷಣ ವೋಲ್ಟೇಜ್ ಹಲವು ಪಟ್ಟು ಚಿಮ್ಮಿ ಎಂಜಿನಿನ ಕಂಪ್ಯೂಟರು, ರೆಗ್ಯುಲೇಟರು, ಡಯೋಡುಗಳನ್ನು ಸುಡಬಲ್ಲದು. ಜೊತೆಗೆ ಹೈಡ್ರೋಜನ್ ಇರುವಲ್ಲೇ ಕಿಡಿ ಹಾರುತ್ತದೆ.

ಜಂಪ್ ಸ್ಟಾರ್ಟ್ ಮಾಡಿ ಒಂದು ಗಂಟೆ ಓಡಿಸಿದರೆ ಬ್ಯಾಟರಿ ತುಂಬುತ್ತದೆಯೇ?

ಪೂರ್ತಿ ತುಂಬುವುದಿಲ್ಲ. ಬರಿದಾದ ಬ್ಯಾಟರಿಯನ್ನು ತುಂಬಲು ಆಲ್ಟರ್ನೇಟರನ್ನು ದುಡಿಸಿದರೆ, ಮೊದಲೇ ಕಾದಿರುವ ಅದು ತನ್ನ ಗರಿಷ್ಠ ಮಟ್ಟದಲ್ಲಿ ಓಡಿ ಇನ್ನಷ್ಟು ಕಾಯುತ್ತದೆ. ಚಾರ್ಜರಿನಲ್ಲಿ ಹಾಕಿ, 45 ಆಂಪಿಯರ್-ಗಂಟೆಯ ಬ್ಯಾಟರಿಗೆ 4ರಿಂದ 5 ಆಂಪಿಯರ್ ಸಾಕು. ಆಮ್ಲ 50 ಡಿಗ್ರಿ ತಲುಪಿದರೆ ನಿಲ್ಲಿಸಿ, ಆರಿದ ಮೇಲೆ ಮುಂದುವರಿಸಿ.

ನೀರು ಯಾವಾಗ, ಎಷ್ಟು ಹಾಕಬೇಕು?

ಬಟ್ಟಿ ಇಳಿಸಿದ ನೀರನ್ನು ಮಾತ್ರ, ಚಾರ್ಜಾದ ಮೇಲೆ, ಗುರುತಿನ ಮಟ್ಟದವರೆಗೆ. ಫಲಕಗಳು ಬರಿದಾಗಿ ಕಾಣುತ್ತಿದ್ದರೆ ಮೊದಲು ಅವು ಮುಳುಗುವಷ್ಟೇ ಹಾಕಿ, ಚಾರ್ಜ್ ಮಾಡಿ, ಆಮೇಲೆ ಉಳಿದದ್ದನ್ನು ತುಂಬಿಸಿ. ಮೊದಲೇ ತುಂಬಿಸಿದರೆ ಚಾರ್ಜಾಗುವಾಗ ಹಿಗ್ಗಿದ ಆಮ್ಲ ಹೊರಚೆಲ್ಲುತ್ತದೆ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರದಿಂದ ಬಂದ ನೀರು ಇದಕ್ಕೆ ಸಲ್ಲದು, ಅದರಲ್ಲಿ ಲವಣಗಳು ಉಳಿದಿರುತ್ತವೆ. ಕಣ್ಣಿಗೆ ಕನ್ನಡಕವಿರಲಿ. ಮೇಲಿಂದ ಮೇಲೆ ನೀರು ಬೇಡುವ ಬ್ಯಾಟರಿಗೆ ನೀರು ಹಾಕುತ್ತಲೇ ಇರುವುದಕ್ಕಿಂತ ಚಾರ್ಜಿಂಗ್ ವೋಲ್ಟೇಜ್ ಅಳೆಯುವುದು ಲೇಸು. ಆಮ್ಲವನ್ನು ಗಾಜಿನ ನಾರಿನ ಹಾಳೆಗಳಲ್ಲಿ ಹೀರಿಸಿಟ್ಟು ಪೂರ್ತಿ ಮುಚ್ಚಿದ ಎಜಿಎಂ ಬ್ಯಾಟರಿಗೆ ನೀರು ಹಾಕಲಾಗದು, ಅದರಲ್ಲಿ ಅತಿಚಾರ್ಜಿನಿಂದಾದ ನಷ್ಟ ಮರಳಿ ಬರುವುದಿಲ್ಲ.

ಹೊಸ ಬ್ಯಾಟರಿ ಹಾಕಿಸುವಾಗ ಬಿಸಿ ಹವೆಗೆಂದು ಏನನ್ನು ನೋಡಬೇಕು?

ತಯಾರಾದ ತಿಂಗಳನ್ನು ನೋಡಿ. ಬಿಸಿ ಗೋದಾಮಿನಲ್ಲಿ ಹಲವು ತಿಂಗಳು ಚಾರ್ಜಿಲ್ಲದೆ ಕುಳಿತ ಬ್ಯಾಟರಿ ಹೊಸದಾದರೂ ಒಳಗೆ ಹಳತಾಗಿರುತ್ತದೆ. ಕೂರಿಸುವ ಮೊದಲೇ ಅಳೆದು, 12.4ಕ್ಕಿಂತ ಕಡಿಮೆಯಿದ್ದರೆ ಬೇರೆ ಕೇಳಿ. ಬಿಚ್ಚುವಾಗ ಋಣ ಮೊದಲು, ಜೋಡಿಸುವಾಗ ಧನ ಮೊದಲು. ಎಂಜಿನಿನ ಕಾವು ತಾಗದಂತೆ ಹಲವು ಕಾರುಗಳ ಬ್ಯಾಟರಿಗೆ ಬಟ್ಟೆಯಂಥ ಅಥವಾ ಪ್ಲಾಸ್ಟಿಕ್ಕಿನ ಕವಚವೊಂದು ತೊಡಿಸಿರುತ್ತಾರೆ. ಬದಲಾಯಿಸುವ ಗಡಿಬಿಡಿಯಲ್ಲಿ ಅದನ್ನು ಬೇಡದ ಹೊದಿಕೆಯೆಂದು ತಿಳಿದು ಬದಿಗೆಸೆಯುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅದನ್ನು ಕೇಳಿ ಪಡೆದು ಮತ್ತೆ ತೊಡಿಸಿ. ಅನಂತರ ಎಂಜಿನ್ ತಣ್ಣಗಿದ್ದಾಗಿನ, ಕಾದಾಗಿನ ಎರಡು ವೋಲ್ಟೇಜುಗಳನ್ನು ದಿನಾಂಕದೊಂದಿಗೆ ಒಂದು ಚೀಟಿಯಲ್ಲಿ ಬರೆದು ಕಾರಿನಲ್ಲೇ ಇಡಿ. ಮುಂದಿನ ಬೇಸಿಗೆಯ ಅಂಕಿಗಳನ್ನು ಹೋಲಿಸಲು ಅವು ಬೇಕಾಗುತ್ತವೆ.